ಗಾಳಿಯ ಧೂಳು: ತೂಕವೊಂದೇ ಸಾಲದು

ಊರಿನ ಗಾಳಿ ಕೆಟ್ಟಿದೆಯೇ ಎಂದು ತಿಳಿಯಲು ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅದರಲ್ಲಿ ಧೂಳು ಎಷ್ಟಿದೆ? ಆ ಧೂಳು ಯಾವ ವಸ್ತುಗಳಿಂದಾದುದು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಈ ಎರಡನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ.

ಎರಡೂವರೆ ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳನ್ನು ಸೂಕ್ಷ್ಮಕಣಗಳೆಂದು ಕರೆಯುವರು. ಮೂಗು ಇವನ್ನು ತಡೆಯಲಾರದು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಭಾರತದ 2009ರ ಮಾನದಂಡದಂತೆ ಇವುಗಳ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಎರಡೂ ತೂಕದ ಲೆಕ್ಕಗಳೇ.

ಆದರೆ ಸಮತೂಕದ ಧೂಳೆಲ್ಲ ಸಮಾನವಲ್ಲ. ಕಡಲ ತೀರದ ಮಂಗಳೂರನ್ನು ನೋಡಿರಿ. ಅಲೆಯೊಡೆದು ಹಾರಿದ ಹನಿಗಳು ಒಣಗಿ ಉಪ್ಪಿನ ಕಣಗಳಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ದಪ್ಪ ಕಣಗಳು. ಹಡಗು, ಕಾರ್ಖಾನೆಗಳಲ್ಲಿ ಗಂಧಕವುಳ್ಳ ಎಣ್ಣೆಯೂ ಕಲ್ಲಿದ್ದಲೂ ಉರಿದಾಗ ಹುಟ್ಟುವ ಗಂಧಕದ ಡೈ ಆಕ್ಸೈಡು ಗಾಳಿಯಲ್ಲಿ ಗಂಧಕಾಮ್ಲವಾಗಿ, ಗೊಬ್ಬರ ಸಗಣಿಗಳಿಂದೇಳುವ ಅಮೋನಿಯಾವನ್ನು ಕೂಡಿ, ಅಮೋನಿಯಂ ಸಲ್ಫೇಟೆಂಬ ಸೂಕ್ಷ್ಮಕಣವಾಗುತ್ತದೆ. ವಾಹನಗಳ ಹೊಗೆಯಿಂದ ಉಂಟಾದ ನೈಟ್ರಿಕ್ ಆಮ್ಲವು ಕಡಲುಪ್ಪಿನೊಡನೆ ವರ್ತಿಸಿದರೆ, ಕ್ಲೋರೀನು ಹೈಡ್ರೋಕ್ಲೋರಿಕ್ ಆಮ್ಲದ ರೂಪದಲ್ಲಿ ಹೊರಟುಹೋಗಿ, ಸೋಡಿಯಂ ನೈಟ್ರೇಟು ಉಳಿಯುತ್ತದೆ.

ಈಗ ಘಟ್ಟವನ್ನು ಹತ್ತಿ, ಕಡಲಿನಿಂದ ನೂರು ಕಿಲೋಮೀಟರಿಗೂ ದೂರವಿರುವ ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಬರೋಣ. ಬೇಸಗೆಯಲ್ಲಿ ಹೊಲಗಳಿಂದಲೂ ರಸ್ತೆಗಳಿಂದಲೂ ಏಳುವ ಮಣ್ಣು ಕಣ್ಣಿಗೆ ಕಾಣುವುದರಿಂದ ಜನರು ಅದನ್ನೇ ದೂರುವರು. ಅದರ ಬಹುಪಾಲೂ ದಪ್ಪ ಕಣವೇ. ಸೌದೆಯ ಒಲೆ, ತೋಟಗಳಲ್ಲಿ ಸುಡುವ ತೆಂಗಿನ ಗರಿ, ಅಡಿಕೆಯ ಸಿಪ್ಪೆ, ಬೀದಿಯ ಬದಿಯಲ್ಲಿ ಬೆಂಕಿಯಿಟ್ಟ ಕಸ, ಇವುಗಳ ಹೊಗೆಯಾದರೋ ಮಸಿ ಮತ್ತು ಸಾವಯವ ಇಂಗಾಲದಿಂದ ಕೂಡಿದ ಸೂಕ್ಷ್ಮಕಣ. ಸೌದೆಯ ಹೊಗೆಗೆ ಪೊಟ್ಯಾಸಿಯಂ ಸಾಕ್ಷಿ. ಇಲ್ಲಿ ಕ್ಲೋರೈಡು ದೊರೆತೊಡನೆ ಅದು ಕಡಲಿನದೆಂದು ತೀರ್ಮಾನಿಸಬಾರದು. ಜೊತೆಯಲ್ಲಿ ತಕ್ಕಷ್ಟು ಸೋಡಿಯಂ ಇಲ್ಲದಿದ್ದರೆ ಅದು ಸುಟ್ಟ ಪ್ಲಾಸ್ಟಿಕ್ಕಿನದೋ ಹುಲ್ಲುಕಡ್ಡಿಯದೋ ಆಗಿರಬಹುದು. ಹಾಗೆಂದು ಘಟ್ಟವು ಅಭೇದ್ಯವಾದ ಗೋಡೆಯೂ ಅಲ್ಲ. ಮಳೆ ತೊಳೆಯದಿದ್ದರೆ ಸಲ್ಫೇಟಿನ ಕಣಗಳು ಹಲವು ದಿನ ಗಾಳಿಯಲ್ಲೇ ಇದ್ದು ದೂರಕ್ಕೆ ಸಾಗಬಲ್ಲವು.

ರೋಗವನ್ನರಿಯದೆ ಔಷಧ ಕೊಡಲಾಗದು. 2020ರ ಜನವರಿಯಲ್ಲಿ ಹಡಗಿನ ಎಣ್ಣೆಯ ಗಂಧಕದ ಮಿತಿಯನ್ನು ಲೋಕದಾದ್ಯಂತ ಶೇಕಡ 3.5ರಿಂದ 0.5ಕ್ಕೆ ಇಳಿಸಲಾಯಿತು. ಅದೇ ವರ್ಷದ ಏಪ್ರಿಲಿನಿಂದ ನಮ್ಮ ದೇಶದ ಪೆಟ್ರೋಲು ಡೀಸೆಲುಗಳಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರುವಂತಿಲ್ಲ. ಇವು ಒಳ್ಳೆಯ ಕ್ರಮಗಳು. ಆದರೆ ಇವುಗಳಿಂದ ಕಡೂರಿನ ಅಡುಗೆಮನೆಯ ಹೊಗೆ ಕಡಮೆಯಾಗುವುದಿಲ್ಲ. ರಸ್ತೆಗೆ ನೀರು ಚಿಮುಕಿಸಿದರೂ ಆಗದು. ಒಲೆಯ ಮುಂದೆ ಕುಳಿತ ತಾಯಿಯೂ ಅವಳ ಮಡಿಲ ಮಗುವೂ ಆ ಹೊಗೆಯನ್ನೇ ಉಸಿರಾಡಬೇಕು.

ರಾಸಾಯನಿಕ ವಿಶ್ಲೇಷಣೆಗೆ ವೆಚ್ಚ ಹೆಚ್ಚೆಂದು ಆಕ್ಷೇಪಿಸಬಹುದು. ಪ್ರತಿದಿನವೂ ಬೇಕಿಲ್ಲ. ಬೇಸಗೆ, ಮಳೆಗಾಲ, ಚಳಿಗಾಲಗಳಲ್ಲಿ ಕೆಲವು ದಿನ ಪ್ರತಿಯೊಂದು ತಾಲ್ಲೂಕು ಕೇಂದ್ರದಲ್ಲಿಯೂ ಸೋಸುಕಾಗದದ ಮೇಲೆ ಧೂಳನ್ನು ಹಿಡಿದು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಗೆ ಕಳುಹಿಸಿದರೆ ಆರಂಭಕ್ಕೆ ಸಾಕು. ಧೂಳು ಹಿಡಿಯುವ ಕೆಲಸದಲ್ಲಿ ಕಾಲೇಜಿನ ವಿದ್ಯಾರ್ಥಿಗಳು ನೆರವಾಗಬಲ್ಲರು. ದೊರೆತ ಫಲಿತಾಂಶವನ್ನು ಪುರಸಭೆಯ ಫಲಕದಲ್ಲಿ ಎಲ್ಲರೂ ಓದುವಂತೆ ಪ್ರಕಟಿಸತಕ್ಕದ್ದು. ತಾನು ಉಸಿರಾಡುವುದು ಏನನ್ನು ಎಂದು ತಿಳಿಯುವ ಹಕ್ಕು ದೊಡ್ಡ ನಗರದವನಿಗೆ ಎಷ್ಟಿದೆಯೋ ಸಣ್ಣ ಊರಿನವನಿಗೂ ಅಷ್ಟೇ ಇದೆ.