ಚಂಚಿ ಹಿಡಿದ ಕೈ ಬರೆದ ಪುಸ್ತಕ



ಕಳೆದ ವಾರ ನಮ್ಮ ಹಿರೇವಡ್ಡಟ್ಟಿಯಲ್ಲಿ ಪಕ್ಕದ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಹೆಸರಿಟ್ಟರು, ಗುಗ್ಗರಿ ಹಂಚಿದರು. ಬಂದವರಲ್ಲಿ ಒಬ್ಬಾಕೆ ಬಾಣಂತಿಗೆ, “ಎರಡನೇದೂ ಹೆಣ್ಣ ಆತಲ್ಲವ್ವ. ಇರ್ಲಿ ಬಿಡು, ಮುಂದಿಂದು ಗಂಡಾಕ್ಕೈತಿ” ಎಂದಳು. ಬಾಣಂತಿಯ ಮುಖ ಸಪ್ಪಗಾಯಿತು. ಮೂಲೆಯಲ್ಲಿ ಕುಳಿತಿದ್ದ ನಮ್ಮ ಆಯಿ ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚುತ್ತಾ, “ಹಂಗ್ಯಾಕ ಅಂತಿಯವ್ವಾ? ನೀನೂ ಹೆಣ್ಣ, ನಿನ್ನ ಹಡದಾಕಿನೂ ಹೆಣ್ಣ” ಎಂದರು. ಆಕೆ ಸುಮ್ಮನಾದಳು.

ಆಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಹೆಚ್ಚುಕಡಿಮೆ ಇದೇ ಮಾತನ್ನು ಮುನ್ನೂರು ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಸೋಜಿಗವೆಂದರೆ ಅವಳ ಕೈಯಲ್ಲೂ ಒಂದು ಚಂಚಿ ಇತ್ತು!

ನಾವು ಚಂಚಿ ಎನ್ನುವ ಎಲೆಯಡಿಕೆ ಚೀಲಕ್ಕೆ ಮೈಸೂರು ಸೀಮೆಯಲ್ಲಿ ಸಂಚಿ ಎನ್ನುತ್ತಾರೆ. ಆಕೆಯೇ ಸಂಚಿಯ ಹೊನ್ನಮ್ಮ. ಊರು ಯಳಂದೂರು, ಈಗಿನ ಚಾಮರಾಜನಗರ ಜಿಲ್ಲೆಯಲ್ಲಿದೆ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಮೈಸೂರು ರಾಜ್ಯವನ್ನು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅವಳಿಗೆ ಸಂಚಿ ಹಿಡಿಯುವ ಕೆಲಸ. ರಾಣಿ ದೇವಾಜಮ್ಮಣ್ಣಿಗೆ ಅವಳು ಅಚ್ಚುಮೆಚ್ಚು.

ಚೀಲ ಹಿಡಿಯುವುದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಅರಮನೆಯಲ್ಲಿ ತಾಂಬೂಲವೆಂದರೆ ಮರ್ಯಾದೆ. ಅದನ್ನು ನಂಬಿಗಸ್ತರ ಕೈಗೇ ಕೊಡುತ್ತಿದ್ದರು. ಸಂಚಿಯವಳು ಕರೆದರೆ ಓಗೊಡುವಷ್ಟು ಹತ್ತಿರದಲ್ಲೇ ಇರಬೇಕು. ಆ ಅರಮನೆಯೋ ತಿರುಮಲಾರ್ಯ, ಚಿಕುಪಾಧ್ಯಾಯರಂಥ ಕವಿಗಳಿಗೆ ಆಸರೆಯಾಗಿದ್ದ ಮನೆ. ಅಂಥ ಕಡೆ ಕಿವಿ ತೆರೆದು ನಿಂತವಳಿಗೆ ಕಲಿಯಲು ಏನು ಕಡಿಮೆ?

ರಾಣಿಯ ಪ್ರೋತ್ಸಾಹದಿಂದ ಹೊನ್ನಮ್ಮ ‘ಹದಿಬದೆಯ ಧರ್ಮ’ ಎಂಬ ಕಾವ್ಯ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಹಾಡಲು ಬರುವ ಸಾಂಗತ್ಯದಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿದೆ. ಅದರ ಬಹುಭಾಗ ಹೆಂಡತಿಯಾದವಳು ಗಂಡನ ಮನೆಯಲ್ಲಿ ಹೇಗೆ ನಡೆಯಬೇಕೆಂಬ ಬುದ್ಧಿಮಾತು. ಅದರಲ್ಲಿ ಎಷ್ಟೋ ಮಾತನ್ನು ಇಂದಿನ ಹುಡುಗಿಯರು ಒಪ್ಪಲಿಕ್ಕಿಲ್ಲ. ಒಪ್ಪಬೇಕೆಂದೂ ಇಲ್ಲ.

ಆದರೆ ಅದೇ ಪುಸ್ತಕದಲ್ಲಿ ಹೊನ್ನಮ್ಮ ಹೀಗೂ ಕೇಳುತ್ತಾಳೆ: ನಮ್ಮನ್ನು ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು; ಹೀಗಿರುವಾಗ ಹೆಣ್ಣೆಂದು ಹೀಗಳೆಯುವವರು ಕಣ್ಣಿಲ್ಲದವರಲ್ಲವೇ? ಮಗ ಹುಟ್ಟಿದರೆ ಬಂದ ಹೆಚ್ಚುಗಾರಿಕೆ ಏನು, ಮಗಳು ಹುಟ್ಟಿದರೆ ಆದ ಕೊರತೆ ಏನು? ಇಬ್ಬರಲ್ಲಿ ಯಾರು ಏಳಿಗೆ ಹೊಂದುತ್ತಾರೋ ಅವರಿಂದಲೇ ತಾಯಿತಂದೆಗೆ ಸುಖ. ಅರಸನ ಮನೆಯಲ್ಲಿ ಊಳಿಗದಲ್ಲಿದ್ದವಳು ಇಷ್ಟನ್ನು ಅಳುಕದೆ ಬರೆದಳು.

ದೂರದ ಜಪಾನಿನಲ್ಲೂ ಇಂಥ ಒಬ್ಬಳಿದ್ದಳು. ಸಾವಿರ ವರ್ಷದ ಹಿಂದೆ, ನಮ್ಮ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಕಾಲದಲ್ಲಿ, ಮುರಸಾಕಿ ಶಿಕಿಬು ಎಂಬ ದೊಡ್ಡ ಮನೆತನದ ಹೆಣ್ಣುಮಗಳು ಮಹಾರಾಣಿ ಶೋಶಿಯ ಸೇವೆಯಲ್ಲಿದ್ದಳು. ಚಿಕ್ಕಂದಿನಲ್ಲಿ ಸೋದರನಿಗೆ ಹೇಳಿಕೊಡುತ್ತಿದ್ದ ಚೀನೀ ಪಾಠವನ್ನು ಪಕ್ಕದಲ್ಲಿ ಕುಳಿತು ಕೇಳಿಯೇ ಅವನಿಗಿಂತ ಬೇಗ ಕಲಿತಳಂತೆ. ಆಗ ಅಪ್ಪ, ಇವಳು ಗಂಡಾಗಿ ಹುಟ್ಟಲಿಲ್ಲವಲ್ಲ ಎಂದು ಹಳಹಳಿಸಿದನೆಂದು ಅವಳೇ ದಿನಚರಿಯಲ್ಲಿ ಬರೆದಿದ್ದಾಳೆ. ಅವಳ ‘ಗೆಂಜಿಯ ಕಥೆ’ಯನ್ನು ಜಗತ್ತು ಇಂದಿಗೂ ಓದುತ್ತಿದೆ.

ಮರುದಿನ ಬಾಣಂತಿಯ ಮನೆಗೆ ಹೋಗಿ ಹೊನ್ನಮ್ಮನ ಕಥೆ ಹೇಳಿದೆ. ಮೂರನೇ ಇಯತ್ತೆಯಲ್ಲಿರುವ ದೊಡ್ಡ ಮಗಳು ತೊಟ್ಟಿಲು ತೂಗುತ್ತಾ ಕೇಳಿದಳು: “ಆಕಿಗೆ ಓದಾಕ ಬರ್ಯಾಕ ಯಾರ ಕಲಿಸಿದ್ರು?”

ಒಳ್ಳೆಯ ಪ್ರಶ್ನೆ. ಕಲಿಸಿದವನು ಸಿಂಗರಾರ್ಯ. ‘ಮಿತ್ರವಿಂದಾ ಗೋವಿಂದ’ ಎಂಬ ಕನ್ನಡ ನಾಟಕ ಬರೆದವನು ಅವನೇ. ಚೀಲ ಹಿಡಿಯುವವಳಿಗೆ ವಿದ್ಯೆ ಯಾಕೆ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಹೊನ್ನಮ್ಮನ ಹೆಸರು ನಮಗೆ ಸಿಗುತ್ತಿರಲಿಲ್ಲ.

“ಹಂಗಾರ ನಮ್ಮ ತಂಗಿಗೆ ನಾನ ಕಲಸ್ತೀನಿ” ಎಂದಳು ಹುಡುಗಿ. ಬಾಣಂತಿ ನಕ್ಕಳು. ಆಯಿ ಚಂಚಿಯಿಂದ ಒಂದು ರೂಪಾಯಿ ತೆಗೆದು ಆಕೆಯ ಕೈಗಿಟ್ಟು, “ಪಾಟಿ ಪೇಣೆ ತಗೊಳವ್ವಾ, ಮೊದಲ ನೀ ಛಲೋ ಕಲಿ” ಎಂದರು.