ವಾಹನದಲ್ಲಿ ಪಂಕ್ತಿಭೇದ

ಊಟದಲ್ಲಿ ಪಂಕ್ತಿಭೇದ ಮಾಡುವುದು ಈ ನಾಡಿನಲ್ಲಿ ಬಹುಕಾಲ ನಡೆದುಬಂದ ಅನ್ಯಾಯ. ಅದನ್ನು ಖಂಡಿಸಿದ ಮಹನೀಯರ ಪ್ರಯತ್ನದಿಂದ, ಇಂದು ವಿದ್ಯಾವಂತರ ಮನೆಗಳಲ್ಲಿ ಅದನ್ನು ಬಹಿರಂಗವಾಗಿ ಸಮರ್ಥಿಸುವವರು ಇಲ್ಲವಾಗಿದ್ದಾರೆ. ಆದರೆ ಎಲೆಯ ಮುಂದಿನಿಂದ ಎಬ್ಬಿಸಿ ಕಳುಹಿಸಿದ ಆ ಭೇದವು ಈಗ ಅದೇ ವಿದ್ಯಾವಂತರ ಮೋಟಾರು ವಾಹನದೊಳಗೆ ಬಂದು ಕುಳಿತಿದೆ. ಏಳು ಆಸನಗಳ ದುಬಾರಿ ಎಸ್‌ಯುವಿಗಳನ್ನು ಗೃಹಸ್ಥರು ಕೊಳ್ಳುವ ರೀತಿಯನ್ನು ಗಮನಿಸಿದವರಿಗೆ ಈ ಮಾತು ಉತ್ಪ್ರೇಕ್ಷೆಯೆಂದು ತೋರಲಾರದು.

ಇಂತಹ ವಾಹನವನ್ನು ಮನೆಗೆ ತರಬೇಕೆಂದು ನಿಶ್ಚಯಿಸುವಾಗ ಯಜಮಾನನು ಹೇಳುವ ಕಾರಣ ಯಾವಾಗಲೂ ಉದಾತ್ತವಾದುದೇ. ವಯಸ್ಸಾದ ತಾಯಿತಂದೆಗಳು, ಅತ್ತೆಮಾವಂದಿರು, ಮಕ್ಕಳು, ಎಲ್ಲರೂ ಒಂದೇ ಗಾಡಿಯಲ್ಲಿ ಕುಳಿತು ಶೃಂಗೇರಿಗೋ ಧರ್ಮಸ್ಥಳಕ್ಕೋ ಹೋಗಿಬರಬೇಕು. ಕುಟುಂಬವು ಎರಡು ಗಾಡಿಗಳಲ್ಲಿ ಹಂಚಿಹೋಗಬಾರದು. ಇದಕ್ಕಿಂತ ಒಳ್ಳೆಯ ಉದ್ದೇಶವುಂಟೆ? ಆದರೆ ಮಾರಾಟದ ಮಳಿಗೆಯನ್ನು ಹೊಕ್ಕೊಡನೆ ಉದ್ದೇಶವು ಹೊಸ್ತಿಲಲ್ಲಿಯೇ ಉಳಿಯುತ್ತದೆ. ಇಂಜಿನ್ನಿನ ಶಕ್ತಿಯೆಷ್ಟು, ಸನ್‌ರೂಫ್ ಎಷ್ಟು ಅಗಲ, ಮುಂದಿನ ಪರದೆ ಎಷ್ಟು ಅಂಗುಲ, ಮುಂಭಾಗದ ಠೀವಿ ಹೇಗಿದೆ ಎಂಬ ವಿಚಾರಣೆಯೆಲ್ಲವೂ ಮುಂದಿನ ಎರಡು ಆಸನಗಳ ಸುತ್ತಲೇ ನಡೆಯುವುದು. ಕಡೆಯ ಸಾಲಿಗೆ ನುಸುಳಿ ಐದು ನಿಮಿಷ ಕುಳಿತು ನೋಡುವವರು ವಿರಳ.

ಹಾಗಾದರೆ ಪ್ರಯಾಣದ ದಿನ ಆ ಕಡೆಯ ಸಾಲಿನಲ್ಲಿ ಯಾರು ಕೂರುವರು? ಹಣ ಕೊಟ್ಟವನಂತೂ ಅಲ್ಲ. ಮನೆಯಲ್ಲಿ ಯಾರು ಬೇಡವೆನ್ನಲಾರರೋ ಅವರು. ತವರಿಗೆ ಬಂದು ನೆಲೆಸಿದ ಸೋದರತ್ತೆ, ಹೊಸದಾಗಿ ಬಂದ ಸೊಸೆ, ಹದಿನಾಲ್ಕು ವರ್ಷದ ಹುಡುಗಿ. ಒಮ್ಮೆ ಕುಳಿತು ಬೆನ್ನು ಹಿಡಿಸಿಕೊಂಡ ಅಜ್ಜಿಯು ಎರಡನೆಯ ಸಲ ಕರೆದಾಗ, “ನೀವೆಲ್ಲ ಹೋಗಿಬನ್ನಿ, ಮನೆಗೆ ಒಬ್ಬರು ಬೇಕಲ್ಲ” ಎನ್ನುವಳು. ಯಾರ ಹೆಸರಿನಲ್ಲಿ ವಾಹನವು ಬಂದಿತೋ ಅವರೇ ಮನೆಯಲ್ಲಿ ಉಳಿಯುವರು. ಅವಳ ಮಾತನ್ನು ತ್ಯಾಗವೆಂದು ಹೊಗಳುವುದು ಸುಲಭ. ಅದು ದೂರು ಎಂದು ಅರಿಯುವುದು ಕಷ್ಟ.

ಈ ಅನ್ಯಾಯದ ಬೇರು ವಾಹನದ ರಚನೆಯಲ್ಲಿಯೇ ಇದೆ. ಉಕ್ಕಿನ ತೊಲೆಗಳ ಚೌಕಟ್ಟನ್ನು ಮೊದಲು ಕಟ್ಟಿ ಅದರ ಮೇಲೆ ಗಾಡಿಯ ಮೈಯನ್ನು ಕೂರಿಸುವುದು ಲಾರಿಗಳ ಕ್ರಮ. ಅನೇಕ ಎತ್ತರದ ಎಸ್‌ಯುವಿಗಳದೂ ಅದೇ. ಚೌಕಟ್ಟೂ ಹಿಂದಿನ ಅಚ್ಚೂ ಅಡಿಯಲ್ಲಿ ಜಾಗವನ್ನು ನುಂಗುವುದರಿಂದ ಕಡೆಯ ಸಾಲಿನ ನೆಲವು ಮೇಲೇರುತ್ತದೆ. ಸೂರು ಮಾತ್ರ ಏರುವುದಿಲ್ಲ. ಆಸನಕ್ಕೂ ನೆಲಕ್ಕೂ ಇರಬೇಕಾದ ಅಂತರವು ಕುಗ್ಗಿ, ಕುಳಿತವರ ಮಂಡಿಗಳು ಎದೆಯ ಕಡೆಗೆ ಏಳುತ್ತವೆ. ತೊಡೆಗೆ ಆಧಾರವಿಲ್ಲದೆ ಮೈಭಾರವೆಲ್ಲ ಬೆನ್ನುಮೂಳೆಯ ತುದಿಗೆ ಬೀಳುತ್ತದೆ. ಹಿಂದಿನ ಚಕ್ರಗಳಿಗೆ ಸಮೀಪವಾದುದರಿಂದ ರಸ್ತೆಯ ಪ್ರತಿಯೊಂದು ಉಬ್ಬೂ ಅಲ್ಲಿಯೇ ಹೆಚ್ಚಾಗಿ ಎತ್ತಿಹಾಕುವುದು. ಮುಂದಿನ ದಾರಿ ಕಾಣದುದರಿಂದ ಚಾರ್ಮಾಡಿ, ಆಗುಂಬೆಗಳ ತಿರುವುಗಳಲ್ಲಿ ತಲೆ ಸುತ್ತು ಮೊದಲು ಬರುವುದೂ ಅಲ್ಲಿಯವರಿಗೇ.

ಒಂದು ನಿದರ್ಶನವನ್ನು ನೋಡಬಹುದು. ಬಿಡದಿಯಲ್ಲಿ ಟೊಯೊಟ ಕಂಪನಿಯು ತಯಾರಿಸುವ ಎರಡು ವಾಹನಗಳುಂಟು. 2009ರಲ್ಲಿ ಈ ದೇಶಕ್ಕೆ ಬಂದ ಫಾರ್ಚುನರ್ ಚೌಕಟ್ಟಿನ ಮೇಲೆ ನಿಂತದ್ದು. 2022ರಲ್ಲಿ ಹೊರಬಂದ ಇನ್ನೋವಾ ಹೈಕ್ರಾಸ್ ಬೇರೆ ಚೌಕಟ್ಟಿಲ್ಲದೆ ಒಂದೇ ಮೈಯಾಗಿ ಕಟ್ಟಿದ್ದು. ಫಾರ್ಚುನರಿನ ಉದ್ದ 4795 ಮಿಲಿಮೀಟರ್, ಹೈಕ್ರಾಸಿನದು 4755. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಣ ಅಂತರ ಫಾರ್ಚುನರಿನಲ್ಲಿ 2745, ಹೈಕ್ರಾಸಿನಲ್ಲಿ 2850. ಗಿಡ್ಡದಾದ, ಬೆಲೆಯಲ್ಲಿಯೂ ಕಡಿಮೆಯಾದ ಗಾಡಿಯು ಒಳಗೆ ಹೆಚ್ಚು ಸ್ಥಳವನ್ನು ಉಳಿಸಿಕೊಂಡಿದೆ. ಅದರ ನೆಲವು ತಗ್ಗಾದುದರಿಂದ ಕಡೆಯ ಸಾಲಿನವರು ಕಾಲಿಳಿಸಿ ಕೂರಬಲ್ಲರು, ಮಂಡಿನೋವಿನವರು ಹತ್ತಿ ಇಳಿಯಬಲ್ಲರು. ಹೀಗಿದ್ದರೂ ಸ್ಥಿತಿವಂತರು ಅದರ ಕಡೆ ತಿರುಗಿ ನೋಡಲು ಹಿಂಜರಿಯುವರು. ಕಾರಣವೇನು? ಇನ್ನೋವಾ ಎಂಬ ಹೆಸರು ಬಾಡಿಗೆ ಗಾಡಿಗಳಲ್ಲಿ ಬಳಕೆಯಾಗಿದೆಯೆಂಬುದೊಂದೇ. ಬಾಡಿಗೆಗೆ ಕರೆಯುವ ಅಪರಿಚಿತನು ಸುಖವಾಗಿ ಕೂರಲೆಂದು ಚಾಲಕನು ಆರಿಸಿಕೊಂಡ ವಾಹನವು, ಹೆತ್ತ ತಾಯಿಯನ್ನು ಕೂರಿಸಲು ಮಗನಿಗೆ ಕೀಳಾಗಿ ತೋರುವುದು ವಿಚಿತ್ರವಲ್ಲವೆ?

ಇನ್ನೂ ಹೆಚ್ಚು ಹಣ ತೆತ್ತರೆ ದೋಷವು ನೀಗುವುದೆಂದು ಕೆಲವರು ನಂಬಿರುವರು. ಐದು ಮೀಟರನ್ನು ಮೀರಿದ ಮರ್ಸಿಡಿಸ್ ಜಿಎಲ್‌ಎಸ್, ಬಿಎಂಡಬ್ಲ್ಯು ಎಕ್ಸ್7ಗಳಲ್ಲಿ ಕಡೆಯ ಸಾಲು ನಿಜವಾದ ಆಸನವೇ ಹೌದು. ಆದರೆ ಅವುಗಳ ಬೆಲೆ ಕೋಟಿ ರೂಪಾಯಿಯನ್ನು ಮೀರಿದ್ದು, ಸುಮಾರು ಎರಡು ಮೀಟರ್ ಅಗಲದ ಅವು ಹಳೆಯ ಬಡಾವಣೆಗಳ ಬೀದಿಗಳಲ್ಲಿ ತಿರುಗಲಾರದೆ ತೊಳಲುವುವು. ವೋಲ್ವೊ ಎಕ್ಸ್‌ಸಿ90ರ ತಯಾರಕರು ತಮ್ಮ ಕಡೆಯ ಸಾಲು 170 ಸೆಂಟಿಮೀಟರ್ ಎತ್ತರದವರೆಗಿನವರಿಗೆ ಮಾತ್ರ ತಕ್ಕದ್ದೆಂದು ತಾವೇ ಹೇಳಿರುವರು. ಮಾರುವವನ ಈ ಪ್ರಾಮಾಣಿಕತೆಯು ಕೊಳ್ಳುವವನಲ್ಲಿಯೂ ಇದ್ದಿದ್ದರೆ ಎಷ್ಟೋ ಬೆನ್ನುಗಳು ಉಳಿಯುತ್ತಿದ್ದವು.

“ಕಡೆಯ ಸಾಲು ವರ್ಷಕ್ಕೆ ನಾಲ್ಕು ದಿನ ಬೇಕಾಗುವುದು, ಅದೂ ಮಕ್ಕಳಿಗೆ” ಎಂದು ಸಮರ್ಥಕರು ವಾದಿಸುವರು. ನಾಲ್ಕೇ ದಿನಗಳಾದರೆ ಐದು ಆಸನಗಳ ವಾಹನವನ್ನು ಕೊಂಡು, ಆ ನಾಲ್ಕು ದಿನ ಬಾಡಿಗೆಯದನ್ನು ಕರೆಸಬಹುದು. ಮಕ್ಕಳ ಮಾತಂತೂ ಇನ್ನೂ ಗಂಭೀರವಾದುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ನಕ್ಷತ್ರಗಳನ್ನು ತೋರಿಸಿ ಜನರು ನಿಶ್ಚಿಂತರಾಗುವರು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ವಾಹನವನ್ನು ತಡೆಗೆ ಗುದ್ದಿಸುವ ಆ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆಗಳನ್ನು ಮುಂದಿನ ಸಾಲಿನಲ್ಲಿಯೂ ಮಕ್ಕಳ ಬೊಂಬೆಗಳನ್ನು ಎರಡನೆಯ ಸಾಲಿನಲ್ಲಿಯೂ ಇರಿಸುವರು. ಕಡೆಯ ಸಾಲಿನಲ್ಲಿ ಯಾವ ಬೊಂಬೆಯೂ ಇರುವುದಿಲ್ಲ. ಹಿಂದಿನಿಂದ ಬಂದು ಗುದ್ದಿದರೆ ಏನಾಗುವುದೆಂಬುದು ಆ ನಕ್ಷತ್ರಗಳ ಲೆಕ್ಕಕ್ಕೆ ಸೇರಿಲ್ಲ. ಬೊಂಬೆಯನ್ನೂ ಕೂರಿಸದ ಸ್ಥಳದಲ್ಲಿ ಮಗುವನ್ನು ಕೂರಿಸಿ, ಐದು ನಕ್ಷತ್ರಗಳ ವಾಹನವೆಂದು ಹೆಮ್ಮೆಪಡುವುದು ವಿವೇಕವಲ್ಲ.

“ಮಲೆನಾಡಿನ ರಸ್ತೆಗಳಿಗೆ ಎತ್ತರದ, ಗಟ್ಟಿಯಾದ ಗಾಡಿಯೇ ಬೇಕು” ಎಂಬುದು ಎರಡನೆಯ ವಾದ. ಕೊಡಗಿನ ತೋಟದ ಕೆಸರುದಾರಿಯಲ್ಲಿ ದಿನವೂ ಓಡಾಡುವವರಿಗೆ ಈ ಮಾತು ಸಲ್ಲುವುದು. ಆದರೆ ವರ್ಷವಿಡೀ ಬೆಂಗಳೂರಿನಿಂದ ಮೈಸೂರಿಗೆ ಹೆದ್ದಾರಿಯಲ್ಲಿ ಹೋಗಿಬರುವ ಗೃಹಸ್ಥನು ತೋಟಗಾರನ ಅಗತ್ಯವನ್ನು ಎರವಲು ತಂದು ಆಡುವುದು ಸರಿಯಲ್ಲ. ಇನ್ನು ಬಾಯಿಬಿಟ್ಟು ಹೇಳದ ಮೂರನೆಯ ವಾದವೊಂದಿದೆ, ಅದೇ ನಿಜವಾದ ವಾದ: ಮದುವೆಮಂಟಪದ ಬಾಗಿಲಲ್ಲಿ ವಾಹನವು ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಬೀಳಲಿ. ಆದರೆ ಅದೇ ನಾಲ್ಕು ಜನರು, ಮಡಿಸಿದ ಆಸನದ ಸಂದಿನಿಂದ ಸೀರೆಯನ್ನು ಎತ್ತಿ ಹಿಡಿದು, ಒಬ್ಬರ ಹೆಗಲನ್ನು ಆಸರೆಮಾಡಿಕೊಂಡು ಇಳಿಯುವ ಮುದುಕಿಯನ್ನೂ ಕಾಣುವರೆಂಬುದನ್ನು ಮರೆಯಬಾರದು.

ಹಣದ ಮಾತನ್ನೂ ಒಮ್ಮೆ ಎತ್ತಿ ಬಿಡುವುದು ಒಳ್ಳೆಯದು. ಈ ವರ್ಗದ ದೊಡ್ಡ ವಾಹನಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯು ಶೇಕಡ 40; ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ ಬೇರೆ. ತೆರಿಗೆಯನ್ನು ಏಳು ಆಸನಗಳಿಗೂ ತೆತ್ತು ಸುಖವನ್ನು ನಾಲ್ಕು ಆಸನಗಳಿಗೆ ಪಡೆಯುವುದು ಯಾವ ಲೆಕ್ಕ?

ಕೊಳ್ಳುವ ಕ್ರಮವನ್ನು ತಲೆಕೆಳಗು ಮಾಡಿದರೆ ಮಾತ್ರ ಇದಕ್ಕೆ ಪರಿಹಾರ. ಮಳಿಗೆಗೆ ಮನೆಯ ಅತ್ಯಂತ ಹಿರಿಯರನ್ನು ಕರೆದೊಯ್ಯತಕ್ಕದ್ದು. ಮುಂದಿನ ಆಸನಗಳನ್ನು ಮನೆಯ ಉದ್ದನೆಯವರಿಗೆ ಹೊಂದುವಂತೆ ಹಿಂದಕ್ಕೆ ಸರಿಸಿ, ಬಳಿಕ ಯಜಮಾನನು ತಾನೇ ಕಡೆಯ ಸಾಲಿನಲ್ಲಿ ಕುಳಿತು ಅರ್ಧ ಗಂಟೆ ರಸ್ತೆಯಲ್ಲಿ ಸುತ್ತತಕ್ಕದ್ದು. ಪಾದಗಳಿಗೆ ಎಡೆಯಿದೆಯೆ? ತಂಗಾಳಿಯ ಕಂಡಿ ಅಲ್ಲಿಯವರೆಗೆ ಬಂದಿದೆಯೆ? ಹೆಗಲ ಮೇಲಿನಿಂದ ಬರುವ ಬೆಲ್ಟು, ತಲೆಗೆ ಆಧಾರ, ಪಕ್ಕದ ಗಾಳಿಚೀಲಗಳ ರಕ್ಷಣೆ ಕಡೆಯ ಸಾಲಿಗೂ ಉಂಟೆ? ಏಳೂ ಜನ ಕುಳಿತ ಮೇಲೆ ಪೆಟ್ಟಿಗೆಗಳಿಗೆ ಎಷ್ಟು ಸ್ಥಳ ಉಳಿಯುವುದು? ಹಿರಿಯರು ಯಾರ ಕೈಯನ್ನೂ ಹಿಡಿಯದೆ ಇಳಿಯಬಲ್ಲರೆ? ಇವಿಷ್ಟಕ್ಕೂ ಉತ್ತರ ದೊರೆತ ಮೇಲೆ ಇಂಜಿನ್ನು, ಪರದೆ, ಬಣ್ಣಗಳ ವಿಚಾರಕ್ಕೆ ಬೇಕಾದಷ್ಟು ಹೊತ್ತಿದೆ.

ಬಡಿಸುವವನು ತನ್ನವನಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆಯುಂಟು. ಗಾಡಿ ಹೊರಟ ಮೇಲೆ ಕಡೆಯ ಸಾಲಿಗೆ ಬಡಿಸಲು ಯಾರ ಕೈಯೂ ಎಟುಕುವುದಿಲ್ಲ. ಬಡಿಸಬೇಕಾದುದನ್ನು ಕೊಳ್ಳುವ ದಿನವೇ ಬಡಿಸಬೇಕು.