ದ್ರೋಹಿ ಎನ್ನುವ ಮುನ್ನ

ಜಮಾಅತ್ ಚುನಾವಣೆಯಲ್ಲಿ ಬಣ ಬದಲಿಸಿದವನಿಗೂ ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ನಾವು ಅಂಟಿಸುವ ಹೆಸರು ಒಂದೇ: ಮೀರ್ ಸಾದಿಕ್. 1799ರ ಮೇ 4ರಂದು, ಒಡೆದ ಕೋಟೆಗೋಡೆಯನ್ನು ಕಾಯುತ್ತಿದ್ದ ಸೈನಿಕರನ್ನು ಸಂಬಳ ಹಂಚುವ ನೆಪದಲ್ಲಿ ಹಿಂದಕ್ಕೆ ಕರೆಸಿದನೆಂಬುದು ಆತನ ಮೇಲಿರುವ ಆರೋಪ. ಆ ಹೆಸರನ್ನು ಇಷ್ಟೊಂದು ಅಗ್ಗಗೊಳಿಸಿರುವ ನಾವು, ಯುದ್ಧವಿಮಾನದೊಂದಿಗೆ ಗಡಿ ದಾಟಿದ ಪೈಲಟ್‌ಗಳನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೇವೆ?

1966ರ ಆಗಸ್ಟ್‌ನಲ್ಲಿ ಇರಾಕಿನ ಮುನೀರ್ ರೆದ್ಫಾ ಮಿಗ್-21 ವಿಮಾನವನ್ನು ಇಸ್ರೇಲಿಗೆ ಒಯ್ದ. ಹಣಕ್ಕಾಗಿ, ಕುಟುಂಬದ ಆಶ್ರಯಕ್ಕಾಗಿ ಮೊಸಾದ್‌ನೊಂದಿಗೆ ಕುದುರಿಸಿದ ವ್ಯವಹಾರವದು. ಅದನ್ನು ಮಾರಾಟವೆನ್ನಲು ನಮಗೆ ಸಂಕೋಚವಿಲ್ಲ. ಆದರೆ 2011ರ ಫೆಬ್ರವರಿ 21ರಂದು ಲಿಬಿಯಾದ ಇಬ್ಬರು ಕರ್ನಲ್‌ಗಳು ತಮ್ಮ ಮಿರಾಜ್ ವಿಮಾನಗಳನ್ನು ಮಾಲ್ಟಾದಲ್ಲಿ ಇಳಿಸಿದರು. ಬೆಂಗಾಜಿಯ ಪ್ರತಿಭಟನಕಾರರ ಮೇಲೆ ಬಾಂಬು ಹಾಕುವ ಆದೇಶವನ್ನು ಪಾಲಿಸಲಾರೆವೆಂದರು. ಇವರೂ ಮೀರ್ ಸಾದಿಕರೇ?

1971ರ ಆಗಸ್ಟ್ 20ರಂದು ಕರಾಚಿಯಲ್ಲಿ, ಪಾಕ್ ವಾಯುಪಡೆಯ ಬಂಗಾಳಿ ಅಧಿಕಾರಿ ಮತೀಉರ್ ರಹಮಾನ್ ತರಬೇತಿ ವಿಮಾನವೊಂದನ್ನು ಭಾರತದತ್ತ ತಿರುಗಿಸಲು ಯತ್ನಿಸಿದರು. ವಿಮಾನದಲ್ಲಿದ್ದ 20ರ ಹರೆಯದ ರಾಶಿದ್ ಮಿನ್ಹಾಸ್ ತಡೆದರು. ವಿಮಾನ ನೆಲಕ್ಕಪ್ಪಳಿಸಿ ಇಬ್ಬರೂ ಮಡಿದರು. ರಾಶಿದ್‌ಗೆ ಪಾಕಿಸ್ತಾನದ ನಿಶಾನೆ ಹೈದರ್, ಮತೀಉರ್‌ಗೆ ಬಾಂಗ್ಲಾದೇಶದ ಬೀರ್ ಶ್ರೇಷ್ಠ. ಎರಡೂ ಆಯಾ ದೇಶದ ಅತ್ಯುನ್ನತ ಸೇನಾ ಗೌರವಗಳು. ಇಬ್ಬರೂ ಕಲಿಮಾ ಓದಿದವರೇ. ಹೆಸರು, ಧರ್ಮ ನೋಡಿ ನಿಷ್ಠೆಯನ್ನು ತೂಗುವವರು, ನಮ್ಮ ಬೀದಿಯವರಾಗಲಿ, ಎದುರು ಬೀದಿಯವರಾಗಲಿ, ಈ ಒಂದೇ ವಿಮಾನದಲ್ಲಿ ದ್ರೋಹಿ ಯಾರೆಂದು ಹೇಳಲಿ. ಮತೀಉರ್ 35 ವರ್ಷ ಕರಾಚಿಯ ಮಣ್ಣಿನಲ್ಲಿದ್ದರು. 2006ರಲ್ಲಿ ಅವರ ಅವಶೇಷಗಳನ್ನು ಢಾಕಾಕ್ಕೆ ತಂದು ಸರಕಾರಿ ಗೌರವದೊಂದಿಗೆ ಮತ್ತೆ ದಫನ ಮಾಡಲಾಯಿತು.